ಮಾಂತೊವಾದಲ್ಲಿ ಕುಂಬಳಕಾಯಿ ಕಾಲ

ಇಟಲಿಗೆ ಹೋಗೋ ನಮ್ಮವರು ಸಾಮಾನ್ಯವಾಗಿ ರೋಮ್, ಫ್ಲಾರೆನ್ಸ್, ವೆನಿಸ್ ಅಂತ ಸುತ್ತಿ ಬರ್ತಾರೆ. ವೆರೋನಾವರೆಗೂ ಬಂದವರು ಕೂಡ ಅಲ್ಲಿಂದ ಮುಕ್ಕಾಲು ಗಂಟೆ ದೂರದ ಮಾಂತೊವಾ ಕಡೆ ತಿರುಗಿ ನೋಡಲ್ಲ, ನೋಡಿದ್ರೂ ಅರಮನೆ ನೋಡ್ಕೊಂಡು ಸಂಜೆ ಟ್ರೇನಿಗೆ ವಾಪಸ್. ನನ್ನ ಪ್ರಕಾರ ಆ ಊರಿಗೆ ಊಟಕ್ಕೋಸ್ಕರಾನೇ ಹೋಗಬೇಕು, ಅದೂ ನವೆಂಬರಲ್ಲಿ, ಕುಂಬಳಕಾಯಿ ಬಂದಿರುತ್ತೆ, ಮಂಜು ಇಳಿದಿರುತ್ತೆ, ಟೂರಿಸ್ಟ್ ಗಲಾಟೆ ಮುಗಿದಿರುತ್ತೆ. ಅಕ್ಕ ವೆರೋನಾದಲ್ಲಿ ಕೆಲಸಕ್ಕಿರೋದು, ಇಟಾಲಿಯನ್ ಚೆನ್ನಾಗಿ ಮಾತಾಡ್ತಾಳೆ, ಪಕ್ಕಾ ಸಸ್ಯಾಹಾರಿ (ಮೊಟ್ಟೆ ಮಾತ್ರ ತಿಂತಾಳೆ). ನಾನು ಮೀನು ಮಾಂಸ ಎಲ್ಲ ತಿಂತೀನಿ. ಹಂಗಾಗಿ ಇಬ್ಬರೂ ಸೇರಿದ್ರೆ ಒಂದು ಊರಿನ ಅಡುಗೆಯನ್ನ ಎರಡೂ ಕಡೆಯಿಂದ ನೋಡಬಹುದು ಅಂತ ಹೊರಟ್ವಿ.

ಗುರುವಾರ

ಗುರುವಾರವೇ ಹೋಗಿದ್ದಕ್ಕೆ ಕಾರಣ ಇದೆ, ಮಾಂತೊವಾದ ವಾರದ ಸಂತೆ ಗುರುವಾರ. ಬೆಳಗಿನ ರೀಜನಲ್ ಟ್ರೇನು, ಕಿಟಕಿ ಆಚೆ ಪೂರ್ತಿ ಮಂಜು, ಮಧ್ಯೆ ಮಧ್ಯೆ ಬೋಳು ಪಾಪ್ಲರ್ ಮರಗಳ ಸಾಲು, ಹಸುಗಳ ಕೊಟ್ಟಿಗೆ, ಕಟಾವಾಗಿರೋ ಮೆಕ್ಕೆಜೋಳದ ಹೊಲ. ಊರು ಹತ್ರ ಬಂದಾಗ ಟ್ರೇನಿನ ಪಕ್ಕದಲ್ಲೇ ನೀರು ಶುರುವಾಗುತ್ತೆ. ಗಾರ್ದಾ ಸರೋವರದಿಂದ ಇಳಿದು ಬರೋ ಮಿಂಚೊ ನದಿಯನ್ನ 12ನೇ ಶತಮಾನದ ಕೊನೇಲಿ ಅಲ್ಬೆರ್ತೊ ಪಿತೆಂತಿನೊ ಅನ್ನೋ ಎಂಜಿನಿಯರ್ ಕಟ್ಟೆ ಹಾಕಿ ತಿರುಗಿಸಿ ಊರಿನ ಸುತ್ತ ನಾಲ್ಕು ಕೆರೆ ಮಾಡಿದ, ಅದರಲ್ಲಿ ಒಂದನ್ನ ಆಮೇಲೆ ಬತ್ತಿಸಿದ್ರು, ಮೂರು ಈಗಲೂ ಇವೆ. ಈ ನೀರನ್ನ ತಲೇಲಿಟ್ಕೊಂಡ್ರೆ ಇಲ್ಲಿನ ಊಟ ಅರ್ಥ ಆಗುತ್ತೆ. ಮೀನು, ಅಕ್ಕಿ, ಹಸುವಿನ ಮೇವು, ಎಲ್ಲ ಈ ನೀರಿಂದಲೇ.

ಸಂತೇಲಿ ಬಟ್ಟೆ ಪಾತ್ರೆ ಅಂಗಡಿಗಳೇ ಜಾಸ್ತಿ, ಆದ್ರೆ ತರಕಾರಿ ಅಂಗಡಿ ಒಂದರ ಮುಂದೆ ನಾವಿಬ್ಬರೂ ನಿಂತುಬಿಟ್ವಿ. ಬೂದು-ಹಸಿರು ಸಿಪ್ಪೆ, ಚಪ್ಪಟೆ, ಮೇಲೆ ರುಮಾಲು ಸುತ್ತಿದ ಹಾಗೆ ಉಬ್ಬಿರೋ ಕುಂಬಳಕಾಯಿಗಳು ಗುಡ್ಡೆ ಹಾಕಿದ್ವು. ಕಪೆಲ್ಲೊ ದೆಲ್ ಪ್ರೆತೆ ಅನ್ನೋ ಜಾತಿ, ಮಾಂತೊವಾದವರಿಗೆ ಕುಂಬಳಕಾಯಿ ಅಂದ್ರೆ ಇದೇ. ಅಂಗಡಿಯಾತ ಒಂದನ್ನ ಹೋಳು ಮಾಡಿ ತೋರಿಸಿದ್ರು, ಒಳಗೆ ಕಡು ಕಿತ್ತಳೆ ಬಣ್ಣ, ತಿರುಳು ಗಟ್ಟಿ, ಕೈಯಲ್ಲಿ ಒತ್ತಿದ್ರೂ ನೀರು ಬರಲ್ಲ. ನೀರಿದ್ರೆ ತೊರ್ತೆಲ್ಲಿ (ಹೂರಣ ತುಂಬಿದ ಪಾಸ್ತಾ) ಒಡೆದು ಹೋಗುತ್ತೆ, ಅದಕ್ಕೇ ಈ ಜಾತಿನೇ ಆಗಬೇಕು ಅಂದ್ರು. ಮನೇಲಿ ಇದನ್ನ ಬೇಯಿಸಲ್ಲ, ಓವನ್‌ನಲ್ಲಿ ಸುಡ್ತಾರೆ, ಇರೋ ಸ್ವಲ್ಪ ನೀರೂ ಆರಲಿ ಅಂತ.

ಮಧ್ಯಾಹ್ನ ಪಿಯಾತ್ಸಾ ದೆಲ್ಲೆ ಎರ್ಬೆ ಹಿಂದಿನ ಗಲ್ಲೀಲಿ ಒಂದು ಸಣ್ಣ ಹೋಟೆಲು, ಎಂಟೋ ಹತ್ತೋ ಟೇಬಲ್ಲು. ಮೆನು ಬಂದ ತಕ್ಷಣ ನಾನು ಆರ್ಡರ್ ಮಾಡೋಕೆ ಹೋದೆ, ಅಕ್ಕ ತಡೆದಳು. "ಇರೋ, ಮೊದ್ಲು ನಾನು ಕೇಳ್ತೀನಿ." ಇಟಲಿಯಲ್ಲಿ ಸಸ್ಯಾಹಾರಿಗಳು ಕೇಳಬೇಕಾದ ಪ್ರಶ್ನೆಗಳು ಅವಳಿಗೆ ಬಾಯಿಪಾಠ, ಸಾರಿನಲ್ಲಿ ಮಾಂಸ ಇದೆಯಾ, ಹುರಿಯೋಕೆ ಹಂದಿ ಕೊಬ್ಬು ಹಾಕ್ತೀರಾ, ಹೂರಣದಲ್ಲಿ ಏನೇನಿದೆ. ಬಡಿಸೋ ಹೆಂಗಸು ನಿಧಾನವಾಗಿ ಒಂದೊಂದಕ್ಕೂ ಉತ್ತರ ಹೇಳಿದ್ರು, ಕೊನೆಗೆ ತೊರ್ತೆಲ್ಲಿ ದಿ ಜುಕ್ಕಾ ತಗೊಳ್ಳಿ, ಬೆಣ್ಣೆ ಸೇಜ್ ಎಲೆ ಬಿಟ್ರೆ ಮೇಲೆ ಏನೂ ಇಲ್ಲ ಅಂದ್ರು.

ತೊರ್ತೆಲ್ಲಿ ಬಗ್ಗೆ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಈ ಊರಿನ ಅಡುಗೆಯ ಪೂರ್ತಿ ಸ್ವಭಾವ ಇದೊಂದರಲ್ಲೇ ಇದೆ. ಮೊಟ್ಟೆ ಹಾಕಿ ಕಲಸಿದ ಮೈದಾ ಹಿಟ್ಟನ್ನ ತೆಳ್ಳಗೆ ಲಟ್ಟಿಸಿ ಅದರೊಳಗೆ ಹೂರಣ ಇಟ್ಟು ಮಡಚಿ ನೀರಲ್ಲಿ ಬೇಯಿಸೋದು, ಅದು ಎಲ್ಲ ಕಡೆ ಇರೋದೇ. ಹೂರಣ ನೋಡಿ. ಸುಟ್ಟ ಕುಂಬಳಕಾಯಿ ತಿರುಳು, ಪುಡಿ ಮಾಡಿದ ಅಮರೆತ್ತಿ ಬಿಸ್ಕತ್ತು (ಬಾದಾಮಿಯದ್ದು, ಕೊನೇಲಿ ಒಂಚೂರು ಕಹಿ ಬರುತ್ತೆ), ಸಣ್ಣಗೆ ಹೆಚ್ಚಿದ ಮೊಸ್ತಾರ್ದಾ ಅಂದ್ರೆ ಸಕ್ಕರೆ ಪಾಕದಲ್ಲಿ ಸಾಸಿವೆ ಘಾಟಿರೋ ಹಣ್ಣು, ತುರಿದ ಗ್ರಾನಾ ಚೀಸು, ಜಾಕಾಯಿ, ಕೆಲವರು ನಿಂಬೆ ಸಿಪ್ಪೆ ತುರಿ ಹಾಕ್ತಾರೆ. ಸಿಹಿ, ಉಪ್ಪು, ಘಾಟು, ಕಹಿ ಎಲ್ಲ ಒಂದೇ ತುತ್ತಿನಲ್ಲಿ. ಬಾಯಿಗಿಟ್ಟಾಗ ಮೊದಲು ಸಿಹಿ, ಇದೇನು ಡೆಸರ್ಟಾ ಅನ್ಸುತ್ತೆ, ಅಷ್ಟರಲ್ಲಿ ಚೀಸಿನ ಉಪ್ಪು ಬರುತ್ತೆ, ನುಂಗೋ ಹೊತ್ತಿಗೆ ಮೂಗಿನ ಹತ್ರ ಸಾಸಿವೆ. ಬೆಣ್ಣೆ ಅದನ್ನೆಲ್ಲ ಹಿಡಿದುಕೊಳ್ಳುತ್ತೆ.

ಪಕ್ಕದ ಫೆರಾರಾ ಊರಲ್ಲೂ ಕುಂಬಳಕಾಯಿ ಹೂರಣದ ಕಪೆಲ್ಲಾಚ್ಚಿ ಮಾಡ್ತಾರೆ, ಆದ್ರೆ ಅದರಲ್ಲಿ ಅಮರೆತ್ತಿನೂ ಇಲ್ಲ ಮೊಸ್ತಾರ್ದಾನೂ ಇಲ್ಲ. ಮಾಂತೊವಾದ ಮನೆಗಳಲ್ಲಿ ತೊರ್ತೆಲ್ಲಿ ಕ್ರಿಸ್ಮಸ್ ಹಿಂದಿನ ರಾತ್ರಿಯ ಊಟ, ಆವತ್ತು ಸಂಪ್ರದಾಯದ ಪ್ರಕಾರ ಇಲ್ಲಿನ ಕ್ಯಾಥೊಲಿಕ್ಕರು ಮಾಂಸ ತಿನ್ನಲ್ಲ, ಅದಕ್ಕೇ ಮಾಂಸ ಇಲ್ಲದ ಹಬ್ಬದಡುಗೆ ಇದು. ಅಕ್ಕ ಇದನ್ನ ಕೇಳಿ "ಉಪವಾಸದ ದಿನದ ಅಡುಗೆ ಹುಡುಕ್ಕೊಂಡು ಹೋದ್ರೆ ನನ್ನಂಥವರಿಗೆ ಯಾವ ದೇಶದಲ್ಲೂ ಊಟ ಸಿಗುತ್ತೆ ಕಣೋ" ಅಂದ್ಲು. ಆ ಮಾತು ನನಗೆ ಬಹಳ ನಿಜ ಅನ್ನಿಸ್ತು.

ಈ ಸಿಹಿ ಎಲ್ಲಿಂದ ಬಂತು ಅನ್ನೋದಕ್ಕೆ ಅರಮನೆ ಕಡೆ ನೋಡಬೇಕು. 1328ರಿಂದ 18ನೇ ಶತಮಾನದ ಶುರುವಿನವರೆಗೂ ಈ ಊರನ್ನ ಆಳಿದ್ದು ಗೊನ್ಜಾಗಾ ಮನೆತನ. ದುಡ್ಡಿತ್ತು, ರುಚಿ ಇತ್ತು, ಮಾಂತೆನ್ಯಾ, ಜೂಲಿಯೊ ರೊಮಾನೊ ಅಂಥ ಕಲಾವಿದರನ್ನ ಇಟ್ಕೊಂಡಿದ್ರು, ಹಂಗೇ ಒಳ್ಳೇ ಅಡುಗೆಯವರನ್ನೂ ಇಟ್ಕೊಂಡಿದ್ರು. ಅವರಲ್ಲಿ ಬಾರ್ತೊಲೊಮೆಯೊ ಸ್ತೆಫಾನಿ ಅನ್ನೋರು 1662ರಲ್ಲಿ ಇದೇ ಊರಲ್ಲಿ ಒಂದು ಅಡುಗೆ ಪುಸ್ತಕ ಅಚ್ಚು ಹಾಕಿಸಿದ್ರು. 1655ರ ನವೆಂಬರಲ್ಲಿ ಸ್ವೀಡನ್ನಿನ ರಾಣಿ ಕ್ರಿಸ್ಟೀನಾ ಇಲ್ಲಿಗೆ ಬಂದಾಗ ಆ ಔತಣದ ಅಡುಗೆ ಅವರದ್ದೇ, ಊಟ ಶುರುವಾಗಿದ್ದು ವೈಟ್ ವೈನಲ್ಲಿ ತೊಳೆದು ಸಕ್ಕರೆ ಉದುರಿಸಿದ ಸ್ಟ್ರಾಬೆರಿಯಿಂದ. ನವೆಂಬರಲ್ಲಿ ಸ್ಟ್ರಾಬೆರಿ! ಊಟ ಸಿಹಿಯಿಂದ ಶುರುವಾಗೋದು ಆ ಕಾಲದ ಯುರೋಪಿನ ದೊಡ್ಡ ಮನೆಗಳಲ್ಲಿ ಮಾಮೂಲಿ, ಸಿಹಿ-ಖಾರ ಬೇರೆ ಬೇರೆ ಅಂತ ಯಾರೂ ಗೆರೆ ಎಳೆದಿರಲಿಲ್ಲ. ಆಮೇಲೆ ಬಹಳ ಕಡೆ ಆ ಪದ್ಧತಿ ಹೋಯ್ತು, ಮಾಂತೊವಾದಲ್ಲಿ ಉಳಿದುಕೊಳ್ತು, ಅದೂ ಮ್ಯೂಸಿಯಮ್ಮಲ್ಲಿ ಅಲ್ಲ, ಮನೆ ಅಡುಗೇಲಿ. ನನಗೆ ಈ ಊರಿನ ಮೇಲೆ ಗೌರವ ಬಂದಿದ್ದು ಇದಕ್ಕೆ.

ಸಂಜೆ ಸಾಂತ್'ಆಂದ್ರೆಯಾ ಚರ್ಚು, ರೊತೊಂದಾ, ಅರಮನೆ ಮುಂದಿನ ಚೌಕ ಎಲ್ಲ ಸುತ್ತಿದ್ವಿ, ರಾತ್ರಿ ಬ್ರೆಡ್ಡು ಚೀಸು ತಿಂದು ಮಲಗಿದ್ವಿ, ಅಷ್ಟೇ.

ಶುಕ್ರವಾರ

ಬೆಳಿಗ್ಗೆ ಪಲಾತ್ಸೊ ತೆ. 1525ರಿಂದ 1535ರ ನಡುವೆ ಜೂಲಿಯೊ ರೊಮಾನೊ ಫೆದೆರಿಕೊ ಗೊನ್ಜಾಗಾಗೆ ಕಟ್ಟಿಕೊಟ್ಟ ವಿಲಾಸದ ಮನೆ. ಎಲ್ಲರೂ ದೈತ್ಯರ ಕೋಣೆ ನೋಡೋಕೆ ಓಡ್ತಾರೆ, ಗೋಡೆ ಛಾವಣಿ ಎಲ್ಲ ಕುಸಿದು ನಮ್ಮ ಮೇಲೆ ಬೀಳೋ ಹಾಗೆ ಬರೆದಿದ್ದಾರೆ, ಅದ್ಭುತವೇ. ಆದ್ರೆ ಊಟದ ಮೇಲೆ ಆಸಕ್ತಿ ಇರೋರು ಅಮೋರ್ ಮತ್ತು ಸೈಕಿಯ ಕೋಣೇಲಿ ಹೆಚ್ಚು ಹೊತ್ತು ನಿಲ್ಲಬೇಕು. ಎರಡು ಗೋಡೆ ತುಂಬ ದೇವತೆಗಳ ಮದುವೆ ಊಟದ ತಯಾರಿ, ಮೇಜಿನ ಮೇಲೆ ಚಿನ್ನ ಬೆಳ್ಳಿ ಪಾತ್ರೆಗಳನ್ನ ಸಾಲಾಗಿ ಜೋಡಿಸಿದ್ದಾರೆ, ಹಣ್ಣು, ವೈನು, ಒಂಟೆ ಆನೆ ಕೂಡ ಇವೆ. 1530ರಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್ ಮಾಂತೊವಾಗೆ ಬಂದಾಗ ಊಟ ಮಾಡಿದ್ದು ಈ ಕೋಣೆಯಲ್ಲೇ, ಆ ಭೇಟಿಯಲ್ಲೇ ಫೆದೆರಿಕೊಗೆ ಡ್ಯೂಕ್ ಪದವಿ ಸಿಕ್ಕಿದ್ದು. ಮನೆತನದ ದುಡ್ಡು ಕರಗಿದಾಗ 1627-28ರಲ್ಲಿ ಚಿತ್ರಗಳ ದೊಡ್ಡ ಸಂಗ್ರಹ ಇಂಗ್ಲೆಂಡಿನ ರಾಜನಿಗೆ ಮಾರಾಟ ಆಯ್ತು, 1630ರಲ್ಲಿ ಚಕ್ರವರ್ತಿಯ ಸೈನ್ಯವೇ ಬಂದು ಊರನ್ನ ಲೂಟಿ ಮಾಡಿತು, ಜೊತೆಗೆ ಪ್ಲೇಗು. ಗೋಡೆ ಮೇಲಿನ ಚಿತ್ರ ಕಿತ್ಕೊಂಡು ಹೋಗೋಕೆ ಆಗಲಿಲ್ಲ. ಅಡುಗೇನೂ ಹಂಗೇ.

ಅರಮನೆ ಊಟ ಸಾಕು, ಇನ್ನು ಕೆಲಸಗಾರರ ಊಟ. ಮಧ್ಯಾಹ್ನ ಟ್ರೇನು ಹಿಡಿದು ಕಾಸ್ತೆಲ್ ದಾರಿಯೊಗೆ ಹೋದ್ವಿ, ಪುಟ್ಟ ಊರು, ಮಾಂತೊವಾದಿಂದ ಪೂರ್ವಕ್ಕೆ ಹದಿನೈದು ಕಿಲೋಮೀಟರ್ ಇರಬಹುದು. ಸುತ್ತ ಮುತ್ತ ಗದ್ದೆ ಬಯಲು. ಇಲ್ಲಿ ಬೆಳೆಯೋದು ವಿಯಾಲೋನೆ ನಾನೊ ಅನ್ನೋ ಅಕ್ಕಿ, 1937ರಲ್ಲಿ ವೆರ್ಚೆಲ್ಲಿಯ ಸಂಶೋಧನಾ ಕೇಂದ್ರದಲ್ಲಿ ತಳಿ ಮಾಡಿದ್ದು, ಗುಂಡಗೆ ಮೋಟು ಕಾಳು, ಬೆಂದ ಮೇಲೆ ಚೆನ್ನಾಗಿ ಹಿಗ್ಗುತ್ತೆ ಆದ್ರೆ ಒಡೆಯಲ್ಲ. ಹಿಂದೆ ಭತ್ತ ಕುಟ್ಟೋಕೆ ನೀರಿನಿಂದ ನಡೆಯೋ ಒನಕೆ ಗಿರಣಿಗಳಿದ್ವು, ಅದರಲ್ಲಿ ಕೆಲಸ ಮಾಡೋರನ್ನ ಪಿಲೋತಿ ಅಂತಿದ್ರು, ಅವರು ಮಾಡ್ಕೊಳ್ತಿದ್ದ ಊಟವೇ ರಿಸೊತ್ತೊ ಅಲ್ಲಾ ಪಿಲೋತಾ.

ರಿಸೊತ್ತೊ ಅಂದ ತಕ್ಷಣ ನಮಗೆಲ್ಲ ನೆನಪಾಗೋದು ಪಾತ್ರೆ ಮುಂದೆ ನಿಂತು ಸಾರು ಹಾಕ್ತಾ ಹಾಕ್ತಾ ತಿರುಗಿಸೋದು, ಕೊನೆಗೆ ಮೆತ್ತಗೆ ಹರಿಯೋ ಹಾಗೆ ಬರೋದು. ಇದು ಅದಲ್ಲ. ಹೋಟೆಲಿನ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡೋಕೆ ಬಿಟ್ರು, ಆದ್ದರಿಂದ ಕಣ್ಣಾರೆ ಕಂಡಿದ್ದು ಹೇಳ್ತೀನಿ. ದಪ್ಪ ತಳದ ಪಾತ್ರೇಲಿ ಉಪ್ಪು ಹಾಕಿದ ನೀರು ಕುದೀತಿತ್ತು. ಕಾಗದವನ್ನ ಆಲಿಕೆ ಥರ ಸುತ್ತಿ ಅದರ ಮೂಲಕ ಅಕ್ಕಿಯನ್ನ ಪಾತ್ರೆಯ ನಟ್ಟ ನಡುವೆ ಸುರಿದ್ರು, ನೀರೊಳಗೆ ಅಕ್ಕಿ ಗುಡ್ಡದ ಥರ ನಿಲ್ತು, ಗುಡ್ಡದ ತುದಿ ಮಾತ್ರ ನೀರಿನ ಮೇಲೆ ಒಂದು ಬೆರಳಿನಷ್ಟು ಕಾಣಬೇಕು. ಅದೇ ಅಳತೆ, ಬೇರೆ ಅಳತೆ ಪಾತ್ರೆ ಏನೂ ಇಲ್ಲ. ತುದಿ ಜಾಸ್ತಿ ಕಂಡ್ರೆ ನೀರು ಕಡಿಮೆ, ಕಾಣಲೇ ಇಲ್ಲ ಅಂದ್ರೆ ನೀರು ಹೆಚ್ಚು. ಆಮೇಲೆ ಪಾತ್ರೇನ ಒಂದ್ಸಲ ಅಲ್ಲಾಡಿಸಿ ಅಕ್ಕಿಯನ್ನ ಸಮ ಮಾಡಿದ್ರು, ಸೌಟು ಹಾಕಲೇ ಇಲ್ಲ. ಹತ್ತು ಹನ್ನೆರಡು ನಿಮಿಷ ಬೆಂದ ಮೇಲೆ ಉರಿ ಆರಿಸಿ, ಪಾತ್ರೆ ಬಾಯಿಗೆ ಮಡಚಿದ ಬಟ್ಟೆ ಹಾಸಿ ಮುಚ್ಚಳ ಮುಚ್ಚಿ ಇನ್ನೊಂದು ಕಾಲು ಗಂಟೆ ಬಿಟ್ರು. ಆವಿ ಬಟ್ಟೆ ಕುಡಿಯುತ್ತೆ, ಅನ್ನ ಉದುರುದುರಾಗಿ ನಿಲ್ಲುತ್ತೆ. ಅಷ್ಟರಲ್ಲಿ ಪಕ್ಕದಲ್ಲಿ ಬೆಣ್ಣೇಲಿ ಹಂದಿ ಮಾಂಸದ ಸಾಲಮೆಲ್ಲಾ ಹುರಿದು ರೆಡಿ, ಅದನ್ನೂ ಗ್ರಾನಾ ತುರಿಯನ್ನೂ ಅನ್ನಕ್ಕೆ ಹಾಕಿ ಕಲಸೋದು, ಮುಗೀತು.

ಕೆಲಸದ ಮಧ್ಯೆ ನಿಂತು ತಿರುಗಿಸೋಕೆ ಯಾರಿಗೆ ಪುರುಸೊತ್ತಿತ್ತು ಹೇಳಿ, ಮುಚ್ಚಿಟ್ಟು ಹೋಗಿ ಗಿರಣಿ ನೋಡ್ಕೊಂಡು ಬಂದ್ರೆ ಊಟ ತಯಾರು. ಅದರ ಮೇಲೆ ಒಂದು ಹಂದಿ ಚಾಪ್ ಇಟ್ಟು ಕೊಟ್ರೆ ಅದಕ್ಕೆ ಕೊಲ್ ಪುಂತೆಲ್ ಅಂತಾರೆ. ನಾನು ಅದನ್ನೇ ತಗೊಂಡೆ. ಅನ್ನದ ಒಂದೊಂದು ಅಗುಳೂ ಬಿಡಿಬಿಡಿ, ಬೆಣ್ಣೆ ಹೊಳಪು, ಮಾಂಸ ಮೆಣಸು ಬೆಳ್ಳುಳ್ಳಿ ವಾಸನೆ, ಹೊಟ್ಟೆ ತುಂಬಿದ್ದಕ್ಕಿಂತ ಮನಸ್ಸು ತುಂಬ್ತು. ಅಕ್ಕನಿಗೆ ಇದು ಮಾಂಸ ಇಲ್ಲದೆ ಆಗಲ್ಲ, ಅವಳಿಗೆ ತರಕಾರಿ ಸಾರಲ್ಲಿ ಕುಂಬಳಕಾಯಿ ರಿಸೊತ್ತೊ ಮಾಡಿಕೊಟ್ರು. ಚೆನ್ನಾಗಿತ್ತಂತೆ, ಆದ್ರೂ ಅವಳ ಕಣ್ಣು ನನ್ನ ತಟ್ಟೆಯ ಅಕ್ಕಿ ಮೇಲೇ. ಆ ಬೇಯಿಸೋ ರೀತಿ ಕಲಿತ್ಕೋಬೇಕು, ಮನೇಲಿ ಅಣಬೆ ಹಾಕಿ ಮಾಡ್ತೀನಿ ಅಂತ ಅಡುಗೆಯವರ ಹತ್ರ ಮತ್ತೆ ಹೋಗಿ ಪಾತ್ರೆ ಅಗಲ ಎಷ್ಟು, ಬಟ್ಟೆ ಯಾವುದು ಅಂತೆಲ್ಲ ಕೇಳ್ಕೊಂಡು ಬಂದ್ಲು.

ಈ ಊರಲ್ಲಿ ಇನ್ನೊಂದು ಹಬ್ಬ ಇದೆ, ಬಿಗೊಲಾದಾ. 1848ರಿಂದ ನಡೀತಿದೆ, ಈಸ್ಟರ್‌ಗೆ ಮುಂಚಿನ ಉಪವಾಸದ ಮೊದಲ ದಿನ ಅಂದ್ರೆ ಬೂದಿ ಬುಧವಾರ, ಚೌಕದಲ್ಲಿ ದೊಡ್ಡ ದೊಡ್ಡ ಕೊಪ್ಪರಿಗೆಗಳಲ್ಲಿ ಬಿಗೊಲಿ ಪಾಸ್ತಾ ಬೇಯಿಸಿ ಉಪ್ಪು ಮೀನಿನ ಜೊತೆ ಹಂಚ್ತಾರೆ. ನಾವು ಹೋದ ಕಾಲಕ್ಕೆ ಅದು ಇರಲಿಲ್ಲ, ಫೆಬ್ರವರಿ-ಮಾರ್ಚಲ್ಲಿ ಆ ಕಡೆ ಹೋಗೋರು ದಿನಾಂಕ ನೋಡ್ಕೊಂಡು ಹೋಗಿ.

ಶನಿವಾರ

ಶನಿವಾರ ಬೆಳಿಗ್ಗೆ ರೈತರ ಸಂತೆ, ಊರ ಮಧ್ಯೆ ಹರಿಯೋ ರಿಯೊ ಕಾಲುವೆ ಪಕ್ಕ. ಅಲ್ಲೇ ಹತ್ರ ಪೆಸ್ಕೆರಿಯೆ, ಅಂದ್ರೆ ಹಳೇ ಮೀನು ಮಾರ್ಕೆಟ್ಟು, ಕಾಲುವೆ ಮೇಲೆ ಕಮಾನು ಕಟ್ಟಿ ಮಾಡಿದ್ದು, 1536ರದ್ದು, ಪಲಾತ್ಸೊ ತೆ ಕಟ್ಟಿದ ಜೂಲಿಯೊ ರೊಮಾನೊನೇ ಇದನ್ನೂ ಕಟ್ಟಿದ್ದು. ರಾಜರ ಮನೆಗೆ ಇಟ್ಟಷ್ಟೇ ಶ್ರದ್ಧೆ ಮೀನು ಮಾರೋ ಜಾಗಕ್ಕೂ ಇಟ್ಟಿದ್ದಾನೆ, ಕಲ್ಲಿನ ಕೆಲಸ ನೋಡಿದ್ರೇ ಗೊತ್ತಾಗುತ್ತೆ.

ಸಂತೇಲಿ ಒಬ್ಬ ಅಜ್ಜಿ ಮೊಸ್ತಾರ್ದಾ ಬಾಟಲಿ ಇಟ್ಕೊಂಡು ಕೂತಿದ್ರು. ಅಕ್ಕ ಮಾತಿಗೆಳೆದಳು, ಅಜ್ಜಿ ಬಹಳ ಖುಷಿಯಿಂದ ಹೇಳಿದ್ರು. ಕಂಪನೀನಾ ಅನ್ನೋ ಸಣ್ಣ ಗಟ್ಟಿ ಸೇಬು, ಇಲ್ಲಾಂದ್ರೆ ಪೇರ್ ಹಣ್ಣು, ಕ್ವಿನ್ಸ್ ಹಣ್ಣು. ಸಿಪ್ಪೆ ತೆಗೆದು ತೆಳ್ಳಗೆ ಹೆಚ್ಚಿ ಸಕ್ಕರೆ ಹಾಕಿ ಒಂದು ದಿನ ಬಿಡಬೇಕು, ಹಣ್ಣು ನೀರು ಬಿಡುತ್ತೆ. ಮಾರನೇ ದಿನ ಆ ರಸವನ್ನ ಮಾತ್ರ ಸೋಸಿ ಕುದಿಸಿ ಮತ್ತೆ ಹಣ್ಣಿನ ಮೇಲೆ ಸುರಿಯಬೇಕು. ಅದರ ಮಾರನೇ ದಿನವೂ ಹಂಗೇ, ಪಾಕ ದಪ್ಪ ಆಗಿ ಹಣ್ಣು ಗಾಜಿನ ಥರ ಪಾರದರ್ಶಕ ಆಗೋವರೆಗೆ. ಪೂರ್ತಿ ತಣ್ಣಗಾದ ಮೇಲೆ ಸಾಸಿವೆ ಎಸೆನ್ಸ್ ಕೆಲವೇ ಹನಿ ಹಾಕಿ ತಕ್ಷಣ ಮುಚ್ಚಳ ಹಾಕಬೇಕು. ಈ ಎಸೆನ್ಸನ್ನ ಹೆಚ್ಚಾಗಿ ಕೊಳ್ಳೋದು ಮೆಡಿಕಲ್ ಶಾಪಲ್ಲಿ, ಸಣ್ಣ ಶೀಶೆಯಲ್ಲಿ ಬರುತ್ತೆ, ಅಷ್ಟು ಘಾಟು, ಮುಖ ಹತ್ರ ತಗೊಂಡು ಹೋದ್ರೆ ಕಣ್ಣು ಮೂಗು ಉರಿದು ಹೋಗುತ್ತೆ. ಕಿಟಕಿ ತೆಗೆದಿಟ್ಟೇ ಮಾಡೋದು ಅಂತ ಅಜ್ಜಿ ಎರಡು ಸಲ ಹೇಳಿದ್ರು.

ಪಕ್ಕದ ಕ್ರೆಮೋನಾದ ಮೊಸ್ತಾರ್ದಾ ಹೆಚ್ಚು ಫೇಮಸ್ಸು, ಅದರಲ್ಲಿ ಚೆರ್ರಿ, ಅಂಜೂರ, ಪೇರ್ ಎಲ್ಲ ಇಡಿ ಇಡಿಯಾಗಿ ಬಣ್ಣ ಬಣ್ಣವಾಗಿ ಇರುತ್ತೆ. ಮಾಂತೊವಾದ್ದು ಒಂದೇ ಹಣ್ಣು, ಹೆಚ್ಚಿದ್ದು, ಕಂದು ಬಣ್ಣ, ನೋಡೋಕೆ ಸಾದಾ. ಒಂದು ಹೋಳು ಬಾಯಿಗೆ ಹಾಕ್ಕೊಂಡಾಗ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದ್ವಿ. ನಮ್ಮ ಮಲೆನಾಡು ಕರಾವಳಿ ಕಡೆ ಕಾಟು ಮಾವಿನಹಣ್ಣಿಗೆ ಬೆಲ್ಲ, ತೆಂಗಿನಕಾಯಿ, ಹಸಿ ಸಾಸಿವೆ ಅರೆದು ಹಾಕಿ ಸಾಸಿವೆ ಮಾಡ್ತಾರಲ್ಲ, ಆ ಸಿಹಿಯ ಹಿಂದೆ ಮೂಗಿಗೇರೋ ಘಾಟು ಇದೆಯಲ್ಲ, ಅದೇ. "ಅಮ್ಮನಿಗೆ ಒಂದು ಬಾಟ್ಲಿ ತಗೋ" ಅಂದ್ಲು ಅಕ್ಕ. ಪೇರ್ ಹಣ್ಣಿನದ್ದೊಂದು ಸೇಬಿನದ್ದೊಂದು ತಗೊಂಡೆ. ಊರಲ್ಲಿ ಇದನ್ನ ಬೇಯಿಸಿದ ಮಾಂಸದ ಜೊತೆ, ಗ್ರಾನಾ ತುಂಡಿನ ಜೊತೆ ತಿಂತಾರೆ, ಚೀಸಿನ ಜೊತೆ ತಿಂದು ನೋಡಿದ್ರೆ ಯಾಕೆ ಅಂತ ಗೊತ್ತಾಗುತ್ತೆ.

ಊಟಕ್ಕೆ ನಾನು ಲೂಚೊ ಇನ್ ಸಾಲ್ಸಾ ತಗೊಂಡೆ, ಪೈಕ್ ಮೀನು, ಈ ಕೆರೆ-ನದಿಗಳದ್ದೇ ಮೀನು. ಬೇಯಿಸಿ, ಮುಳ್ಳು ಬಿಡಿಸಿ (ಪೈಕಲ್ಲಿ ಮುಳ್ಳು ವಿಪರೀತ, ಬಿಡಿಸೋದೇ ದೊಡ್ಡ ಕೆಲಸ), ಮೇಲೆ ಪಾರ್ಸ್ಲಿ ಸೊಪ್ಪು, ಕೇಪರ್, ಆಂಚೊವಿ, ವಿನೆಗರಲ್ಲಿ ಹಾಕಿಟ್ಟ ಕ್ಯಾಪ್ಸಿಕಮ್ಮು, ಎಣ್ಣೆ ಎಲ್ಲ ಸೇರಿಸಿದ ಸಾಸ್. ಮಾಡಿದ ದಿನ ತಿನ್ನಲ್ಲ, ಒಂದು ದಿನ ಇಟ್ಟು ಹುಳಿ ಉಪ್ಪು ಒಳಗೆ ಇಳಿದ ಮೇಲೆ ತಣ್ಣಗೇ ಬಡಿಸ್ತಾರೆ, ಜೊತೆಗೆ ಕೆಂಡದ ಮೇಲೆ ಸುಟ್ಟ ಪೊಲೆಂತಾ (ಮೆಕ್ಕೆಜೋಳದ ಹಿಟ್ಟಿನ ಮುದ್ದೆ) ತುಂಡು. ಮೀನು ಬಿಳಿ, ಸ್ವಲ್ಪ ಒರಟು, ಸಾಸ್ ಚುರುಕು, ಪೊಲೆಂತಾ ಬಿಸಿ. ಅಕ್ಕ ಕಪುನ್ಸೆಯ್ ತಿಂದ್ಲು, ಅದು ಮಾಂತೊವಾದ ಉತ್ತರಕ್ಕಿರೋ ಗುಡ್ಡದ ಊರುಗಳದ್ದು, ಸೊಲ್ಫೆರೀನೊ ವೊಲ್ತಾ ಕಡೆ. ಉಳಿದ ಬ್ರೆಡ್ಡಿನ ಪುಡಿ, ಗ್ರಾನಾ, ಮೊಟ್ಟೆ, ಜಾಕಾಯಿ ಕಲಸಿ ಉದ್ದುದ್ದ ಉಂಡೆ ಮಾಡಿ ಬೇಯಿಸಿ ಬೆಣ್ಣೆ ಸೇಜ್ ಹಾಕೋದು. ಕೆಲವರು ಬ್ರೆಡ್ ಪುಡಿಯನ್ನ ಮಾಂಸದ ಸಾರಲ್ಲಿ ನೆನೆಸ್ತಾರೆ, ಆದ್ದರಿಂದ ಕೇಳಿಯೇ ತಗೋಬೇಕು. ಹಳೇ ಬ್ರೆಡ್ಡಿಗೆ ಇಷ್ಟು ಮರ್ಯಾದೆ ಕೊಟ್ಟ ಅಡುಗೆ ನಾನು ನೋಡಿರಲಿಲ್ಲ.

ಮಧ್ಯಾಹ್ನ ಮೇಲಿನ ಕೆರೆ ದಂಡೆಗೆ ನಡೆದ್ವಿ. ಇಲ್ಲಿ ತಾವರೆ ಇದೆ ಅಂದ್ರೆ ನಂಬ್ತೀರಾ? ಎಕರೆಗಟ್ಟಲೆ. ಜುಲೈ-ಆಗಸ್ಟಲ್ಲಿ ಹೂ ಬಿಟ್ಟಾಗ ದೋಣೀಲಿ ನೋಡೋಕೆ ಹೋಗ್ತಾರೆ, ನಾವು ಹೋದಾಗ ಒಣಗಿದ ಕಾಯಿಗಳಷ್ಟೇ ನಿಂತಿದ್ವು. 1921ರಲ್ಲಿ ಮರಿಯಾ ಪೆಲ್ಲೆಗ್ರೆಫ್ಫಿ ಅನ್ನೋ ವಿಜ್ಞಾನ ಓದಿದ ಹೆಣ್ಣುಮಗಳು ಏಷ್ಯಾದ ತಾವರೆಯನ್ನ ಇಲ್ಲಿ ತಂದು ನೆಟ್ಟರು, ಉದ್ದೇಶ ಅಲಂಕಾರ ಅಲ್ಲ, ತಾವರೆ ಗೆಡ್ಡೆಯ ಹಿಟ್ಟು ಊಟಕ್ಕೆ ಆಗುತ್ತಾ ಅಂತ ನೋಡೋದು. ಊಟಕ್ಕೆ ಬರಲಿಲ್ಲ, ಆದ್ರೆ ತಾವರೆ ಮಾತ್ರ ಕೆರೆ ತುಂಬ ಹಬ್ಬಿತು, ಈಗ ಪ್ರತಿ ವರ್ಷ ಕತ್ತರಿಸಿ ಹತೋಟಿಯಲ್ಲಿ ಇಡಬೇಕು. ತಾವರೆ ದಂಟಿನ ಬಾಳಕ ಗೊತ್ತಿರೋ ನಮ್ಮ ಅಜ್ಜಿಯಂದಿರು ಯಾರಾದ್ರೂ ಆಗ ಅಲ್ಲಿ ಇರಬೇಕಿತ್ತು.

ಸಂಜೆ ಪೂರ್ತಿ ಸಿಹಿ ಅಂಗಡಿ. ಸ್ಬ್ರಿಸೊಲೋನಾ ಈ ಊರಿನ ಗುರುತು, ಗೋಧಿ ಹಿಟ್ಟು, ಮೆಕ್ಕೆಜೋಳದ ಹಿಟ್ಟು, ಸಕ್ಕರೆ ಮೂರೂ ಸಮ, ಅದಕ್ಕೆ ಸಿಪ್ಪೆ ಸಹಿತ ಬಾದಾಮಿ, ಕೊಬ್ಬು. ಕಲಸೋದಲ್ಲ, ಬೆರಳಲ್ಲಿ ಉದುರಿಸಿ ತಟ್ಟೆಗೆ ಹರಡಿ ಬೇಯಿಸೋದು. ಚಾಕು ಹಾಕಲ್ಲ, ಕೈಯಲ್ಲಿ ಗುದ್ದಿ ಮುರಿದು ಎಲ್ಲರೂ ತುಂಡು ತುಂಡು ತಗೊಳ್ಳೋದು. ಹಳೇ ವಿಧಾನದಲ್ಲಿ ಹಂದಿ ಕೊಬ್ಬು ಹಾಕ್ತಾರೆ, ಪ್ಯಾಕೆಟ್ ಮೇಲೆ ಸ್ತ್ರುತ್ತೊ ಅಂತ ಬರೆದಿದ್ರೆ ಅದೇ, ಸಸ್ಯಾಹಾರಿಗಳು ಬರೀ ಬೆಣ್ಣೆಯದ್ದು ನೋಡಿ ತಗೊಳ್ಳಿ, ಸಿಗುತ್ತೆ. ಜೋಳದ ಹಿಟ್ಟಿನ ಮರಳು ಮರಳು, ಬಾದಾಮಿ ಕಟುಂ ಅನ್ನೋದು, ನನಗೆ ಇಟಲಿಯ ಯಾವ ಕ್ರೀಮ್ ಕೇಕಿಗಿಂತ ಇದೇ ಮೇಲು. ಕ್ರೀಮ್ ಬೇಕು ಅನ್ನೋರಿಗೆ ತೋರ್ತಾ ಎಲ್ವೆತ್ಸಿಯಾ, ಬಾದಾಮಿ ಪದರಗಳ ಮಧ್ಯೆ ಬೆಣ್ಣೆ ಕ್ರೀಮು ಮತ್ತು ಜಬಯೋನೆ (ಮೊಟ್ಟೆಯ ಹಳದಿ, ಸಕ್ಕರೆ, ವೈನ್ ಸೇರಿಸಿ ಕಡೆದ ಕ್ರೀಮು), 18ನೇ ಶತಮಾನದ ಕೊನೆ ಹೊತ್ತಿಗೆ ಇಲ್ಲಿಗೆ ಬಂದ ಸ್ವಿಸ್ ಮಿಠಾಯಿಗಾರರು ಬಿಟ್ಟುಹೋದ ರುಚಿ. ಬಿಳಿ ಸಕ್ಕರೆ ಹೊದ್ದ ಆನೆಲ್ಲೊ ದಿ ಮೊನಾಕೊನೂ ಅವರ ಕಡೆಯದ್ದೇ, ಚಳಿಗಾಲಕ್ಕೆ ಮಾತ್ರ ಮಾಡ್ತಾರೆ.

ಭಾನುವಾರ

ಅಕ್ಕನ ಸಹೋದ್ಯೋಗಿ ಒಬ್ಬರು ಕಾರಲ್ಲಿ ಪೋ ನದಿ ದಾಟಿಸಿ ಸಾನ್ ಬೆನೆದೆತ್ತೊ ಪೋ ಕಡೆ ಕರ್ಕೊಂಡು ಹೋದ್ರು, ಅವರ ನೆಂಟರ ಚೀಸ್ ಡೈರಿ ಇದೆ. ಮಾಂತೊವಾ ಜಿಲ್ಲೆಗೆ ಒಂದು ವಿಶೇಷ ಇದೆ, ಪೋ ನದಿಯ ಉತ್ತರಕ್ಕೆ ಗ್ರಾನಾ ಪದಾನೊ, ದಕ್ಷಿಣಕ್ಕೆ ಪರ್ಮಿಜಾನೊ ರೆಜ್ಜಾನೊ. ನದಿಯೇ ಗಡಿ. ಪರ್ಮಿಜಾನೊಗೆ ಹಸುವಿಗೆ ಹುದುಗಿಸಿದ ಮೇವು ಕೊಡೋ ಹಾಗಿಲ್ಲ, ಕನಿಷ್ಠ 12 ತಿಂಗಳು ಮಾಗಬೇಕು, ಗ್ರಾನಾಗೆ 9 ತಿಂಗಳು ಸಾಕು. ಹಾಲು ಕೊಡೋ ಹಸುವಿಗೆ ಭಾನುವಾರ ಇಲ್ಲ, ಡೈರಿಗೂ ಇಲ್ಲ. ರಾತ್ರಿ ಹಾಲಿನ ಕೆನೆ ತೆಗೆದು ಬೆಳಗಿನ ಹಾಲು ಸೇರಿಸಿ ಗಂಟೆಯಾಕಾರದ ತಾಮ್ರದ ಕಡಾಯಿಗೆ ಹಾಕ್ತಾರೆ, ಹಿಂದಿನ ದಿನದ ಹುಳಿ ತಿಳಿ ಸೇರಿಸ್ತಾರೆ, ಆಮೇಲೆ ಹಾಲು ಗಟ್ಟಿಯಾಗೋಕೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್. ಎರಡೂ ಚೀಸಿಗೆ ಇದು ನಿಯಮ, ಸಸ್ಯಾಹಾರಿಗಳು ತಿಳ್ಕೊಂಡು ತೀರ್ಮಾನ ಮಾಡಬೇಕು. ಅಕ್ಕ ಎಷ್ಟೋ ವರ್ಷದ ಹಿಂದೆ ಯೋಚನೆ ಮಾಡಿ ಚೀಸ್ ತಿನ್ನೋದು ಅಂತ ನಿರ್ಧಾರ ಮಾಡಿದ್ದಾಳೆ, ಆದ್ರೆ "ನೀನು ಬರಿಯೋವಾಗ ಇದನ್ನ ಮುಚ್ಚಿಡಬೇಡ, ಎಷ್ಟೋ ಜನಕ್ಕೆ ಗೊತ್ತೇ ಇಲ್ಲ" ಅಂತ ಹೇಳಿದ್ದಕ್ಕೆ ಬರೀತಿದ್ದೀನಿ.

ಮೊಸರುಗಟ್ಟಿದ್ದನ್ನ ಮುಳ್ಳಿನ ಗೋಳದಂಥ ಉಪಕರಣದಲ್ಲಿ ಕಾಳು ಕಾಳು ಒಡೆದು 55 ಡಿಗ್ರಿವರೆಗೆ ಕಾಯಿಸಿ ತಳಕ್ಕೆ ಇಳಿಯೋಕೆ ಬಿಡ್ತಾರೆ. ಆಮೇಲೆ ಇಬ್ಬರು ಬಟ್ಟೇಲಿ ಅದನ್ನ ಎತ್ತಿ ಎರಡು ಪಾಲು ಮಾಡ್ತಾರೆ, ಒಂದೊಂದು ಕಡಾಯಿಗೆ ಎರಡು ಚಕ್ರ. ಅಲ್ಲಿ ಬಟ್ಟೆ ಹಿಡಿದಿದ್ದ ಒಬ್ಬರು ಸರ್ದಾರ್‌ಜಿ! ಪೋ ಬಯಲಿನ ಕೊಟ್ಟಿಗೆ, ಡೈರಿಗಳಲ್ಲಿ ಪಂಜಾಬಿನವರು ಬಹಳ ವರ್ಷಗಳಿಂದ ದುಡೀತಿದ್ದಾರೆ, ಈ ಚೀಸು ಜಗತ್ತಿಗೆ ಹೋಗ್ತಿರೋದರಲ್ಲಿ ಅವರ ಬೆವರು ದೊಡ್ಡದಿದೆ. ಹಿಂದೀಲಿ ಮಾತಾಡಿಸಿದ್ವಿ, ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಬಂದಿದ್ರಂತೆ, ಆದ್ರೂ ಎಷ್ಟು ಪ್ರೀತಿಯಿಂದ ಮಾಗಿಸೋ ಗೋಡೌನೆಲ್ಲ ತೋರಿಸಿದ್ರು. ಛಾವಣಿವರೆಗೂ ಚೀಸಿನ ಚಕ್ರಗಳು, ಸಣ್ಣ ಸುತ್ತಿಗೇಲಿ ತಟ್ಟಿ ಸದ್ದು ಕೇಳಿ ಒಳಗೆ ಬಿರುಕಿದೆಯಾ ಅಂತ ಹೇಳೋ ಪರಿಣತರು ಬೇರೆಯೇ ಇರ್ತಾರೆ ಅಂದ್ರು.

ಊಟ ನದಿ ದಂಡೆ ಹತ್ರದ ಒಂದು ಹಳ್ಳಿ ಹೋಟೆಲಲ್ಲಿ. ಅಲ್ಲಿ ಶುರು ಮಾಡೋದೇ ಬೆವ್ರಿನ್ ವಿನ್ ಅಂತ, ಬಿಸಿ ಮಾಂಸದ ಸಾರಲ್ಲಿ ನಾಲ್ಕೈದು ಪುಟ್ಟ ಆನ್ಯೋಲಿ (ಮಾಂಸದ ಹೂರಣದ ಪಾಸ್ತಾ), ಅದಕ್ಕೆ ಮೇಲಿಂದ ಲಾಂಬ್ರುಸ್ಕೊ ವೈನ್ ಸುರಿಯೋದು, ಬಟ್ಟಲು ಪೂರ್ತಿ ನೇರಳೆ ಬಣ್ಣ, ಮೇಲೆ ನೊರೆ. ಮೊದಲ ಗುಟುಕು ವಿಚಿತ್ರ, ಎರಡನೇದು ಒಗ್ಗುತ್ತೆ, ಆ ಚಳೀಲಿ ಮೂರನೇದಕ್ಕೆ ಎದೆ ಬೆಚ್ಚಗಾಗುತ್ತೆ. ಆಮೇಲೆ ಕತ್ತೆ ಮಾಂಸದ ಸ್ತ್ರಾಕೊತ್ತೊ, ಗಂಟೆಗಟ್ಟಲೆ ವೈನಲ್ಲಿ ಬೆಂದಿದ್ದು, ಪೊಲೆಂತಾ ಜೊತೆ. ಗಾಢವಾಗಿತ್ತು, ಆದ್ರೆ ಇನ್ನೊಮ್ಮೆ ಆರಿಸಿದ್ರೆ ನಾನು ಪೈಕ್ ಮೀನನ್ನೇ ಆರಿಸೋದು.

ಅಕ್ಕ ಮತ್ತೆ ತೊರ್ತೆಲ್ಲಿ ತಗೊಂಡ್ಲು, ಯಾಕಂದ್ರೆ ಪೋ ಕಡೆಯ ಊರುಗಳಲ್ಲಿ ಅದಕ್ಕೆ ಬೆಣ್ಣೆ ಸೇಜ್ ಬದಲು ಟೊಮೆಟೊ ಸಾಸ್ ಹಾಕೋ ಪದ್ಧತಿನೂ ಇದೆ. ಹಂದಿ ಕೊಬ್ಬಿನ ಒಗ್ಗರಣೆ ಬೇಡ ಅಂದಿದ್ದಕ್ಕೆ ಈರುಳ್ಳಿ ಬೆಣ್ಣೇಲಿ ಬಾಡಿಸಿ ಮಾಡಿಕೊಟ್ರು. ಕುಂಬಳಕಾಯಿ ಸಿಹಿಗೆ ಟೊಮೆಟೊ ಹುಳಿ ಬಂದಿದ್ದೇ ಸರಿಯಾದ ಜೋಡಿ ಅಂತ ಅವಳ ವಾದ. ನನಗೆ ಹುಳಿ ಬಂದ ಮೇಲೆ ಜಾಕಾಯಿ, ಅಮರೆತ್ತಿ ವಾಸನೆ ಎರಡೂ ಹಿಂದೆ ಸರಿದವು ಅನ್ನಿಸ್ತು, ಬೆಣ್ಣೆಯೇ ಸರಿ. ಕರ್ಕೊಂಡು ಬಂದ ಸಹೋದ್ಯೋಗಿ ಅವಳ ಪರ, ಅವರ ಅಮ್ಮ ಇದೇ ಕಡೆಯವರಂತೆ. ಹೋಟೆಲಿನ ಯಜಮಾನರು ಮಾಂತೊವಾ ಪೇಟೆಯವರು, ಅವರು ನನ್ನ ಪರ ನಿಂತ್ರು. ವೆರೋನಾ ಟ್ರೇನು ಹತ್ತಿ ಕೂತ ಮೇಲೂ ಅಕ್ಕ ಬಿಡಲಿಲ್ಲ, "ಕ್ರಿಸ್ಮಸ್ ರಜಕ್ಕೆ ಎರಡೂ ಥರ ಮಾಡಿ ಬಡಿಸ್ತೀನಿ, ಆಮೇಲೆ ಹೇಳು ನೀನು" ಅಂದ್ಲು, ಅವಳ ಬ್ಯಾಗಲ್ಲಿ ಆಗಲೇ ಒಂದು ಕಪೆಲ್ಲೊ ದೆಲ್ ಪ್ರೆತೆ ಇತ್ತು.